ಎದುರಾಳಿಗೂ ಒಂದು ಪಾಲು

ಬನಹಟ್ಟಿ, ಜಮಖಂಡಿ, ಮುಧೋಳ ಸೀಮೆಯ ಜಾತ್ರೆಗಳಲ್ಲಿ ಜಂಗಿ ನಿಕಾಲಿ ಕುಸ್ತಿ ಏರ್ಪಟ್ಟಾಗ, ಕಣಕ್ಕಿಳಿಯುವ ಪೈಲವಾನರಿಗಿಂತ ಮೊದಲು ತಲೆ ಕೆಡಿಸಿಕೊಳ್ಳುವವರು ಕಮಿಟಿಯ ಹಿರಿಯರು. ಯಾರಿಗೆ ಯಾರನ್ನು ಜೋಡಿ ಮಾಡಬೇಕು ಎಂಬುದು ಅವರ ಚಿಂತೆ. ಹೆಸರುವಾಸಿಯಾದ ಪೈಲವಾನನೊಬ್ಬನನ್ನು ದೊಡ್ಡ ಇನಾಮು ಹೇಳಿ ಕರೆಸಬಹುದು. ಆದರೆ ಅವನೆದುರು ಅರ್ಧ ನಿಮಿಷವೂ ನಿಲ್ಲಲಾರದ ಹುಡುಗನನ್ನು ಇಳಿಸಿದರೆ, ಹಲಗಿಯ ಸದ್ದು ಏರುವ ಮುನ್ನವೇ ಆಟ ಮುಗಿದಿರುತ್ತದೆ. ಸುತ್ತ ಕುಳಿತ ಜನ ಧೂಳು ಕೊಡವಿಕೊಂಡು ಎದ್ದು ಹೋಗುತ್ತಾರೆ. ಟಗರಿನ ಕಾಳಗದಲ್ಲೂ ಇದೇ ನ್ಯಾಯ. ಹಾಲುಹಲ್ಲಿನ ಟಗರಿಗೆ ಹಾಲುಹಲ್ಲಿನದೇ ಜೋಡಿ, ನಾಲ್ಕು ಹಲ್ಲಿನದಕ್ಕೆ ನಾಲ್ಕು ಹಲ್ಲಿನದು. ಹಲ್ಲು ನೋಡದೆ ಟಗರು ಬಿಡುವವರನ್ನು ಜನ ಮೆಚ್ಚುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಯಾರೂ ಪುಸ್ತಕ ಓದಿ ಕಲಿಯದ ಈ ಸತ್ಯವೇ ಇಂದು ಸಾವಿರಾರು ಕೋಟಿ ರೂಪಾಯಿಗಳ ವೃತ್ತಿಪರ ಫುಟ್‌ಬಾಲ್ ಜಗತ್ತನ್ನು ಕಾಡುತ್ತಿರುವ ಪ್ರಶ್ನೆಯ ಮೂಲ. ಪಂದ್ಯ ನೋಡಲು ಬಂದವನು ಕೊಡುವ ಹಣ ಯಾರದು? ಗೆದ್ದ ತಂಡದ್ದೋ, ಮೈದಾನದ ಒಡೆಯನಾದ ತಂಡದ್ದೋ, ಇಲ್ಲವೇ ಎದುರಾಗಿ ನಿಂತು ಆಡಿದ ತಂಡಕ್ಕೂ ಅದರಲ್ಲಿ ಹಕ್ಕಿದೆಯೋ? ಈ ಪ್ರಶ್ನೆಗೆ ಬೇರೆ ಬೇರೆ ದೇಶಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಸರಿಯಾದ ಉತ್ತರ ಸಿಗದೆ ಹೋದಾಗ ಏನಾಗುತ್ತದೆ ಎಂಬುದನ್ನು 2025ರಲ್ಲಿ ನಮ್ಮ ರಾಜ್ಯದ್ದೇ ಆದ ಬೆಂಗಳೂರು ಎಫ್‌ಸಿ ತಂಡದ ಆಟಗಾರರು ಸಂಬಳವಿಲ್ಲದೆ ಅನುಭವಿಸಿದರು.

ಅಂಗಡಿಗೂ ಆಟಕ್ಕೂ ಇರುವ ವ್ಯತ್ಯಾಸ

ಸಾಮಾನ್ಯ ವ್ಯಾಪಾರದಲ್ಲಿ ಪ್ರತಿಸ್ಪರ್ಧಿ ಇಲ್ಲದಿದ್ದರೆ ವ್ಯಾಪಾರಿಗೆ ಲಾಭ. ಪೇಟೆಯಲ್ಲಿ ಎದುರಿನ ಸೀರೆ ಅಂಗಡಿ ಬಾಗಿಲು ಹಾಕಿದರೆ ಈಚೆಯ ಅಂಗಡಿಯವನಿಗೆ ಗಿರಾಕಿ ಹೆಚ್ಚು. ಆಟದಲ್ಲಿ ಹಾಗಲ್ಲ. ಎದುರಾಳಿ ತಂಡ ಬಾಗಿಲು ಹಾಕಿದರೆ ಉಳಿದ ತಂಡ ಮಾರುವುದಕ್ಕೆ ಸರಕೇ ಇರುವುದಿಲ್ಲ. ಪಂದ್ಯವೆಂಬ ಬಟ್ಟೆಗೆ ಒಂದು ತಂಡ ಹಾಸಾದರೆ ಇನ್ನೊಂದು ಹೊಕ್ಕು. ಹಾಸು ಎಷ್ಟೇ ಬೆಲೆಬಾಳುವ ರೇಷ್ಮೆಯದಾದರೂ ಅದೊಂದರಿಂದಲೇ ಸೀರೆ ಆಗದು ಎಂಬುದನ್ನು ಮಗ್ಗದ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಅರ್ಥಶಾಸ್ತ್ರಜ್ಞರು ಇದನ್ನು ಗಂಭೀರವಾಗಿ ಪರಿಗಣಿಸಿದ್ದು ತಡವಾಗಿ. ಬೇಸ್‌ಬಾಲ್ ಆಟಗಾರರ ಮಾರುಕಟ್ಟೆಯ ಬಗ್ಗೆ 1956ರಲ್ಲಿ ಬರೆದ ಸೈಮನ್ ರಾಟನ್‌ಬರ್ಗ್, ಫಲಿತಾಂಶದ ಅನಿಶ್ಚಿತತೆಯೇ ಜನರನ್ನು ಮೈದಾನಕ್ಕೆ ಎಳೆಯುತ್ತದೆ ಎಂದು ವಾದಿಸಿದರು. 1964ರಲ್ಲಿ ವಾಲ್ಟರ್ ನೀಲ್ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿದರು. ಅವರು ಆಯ್ದುಕೊಂಡ ಉದಾಹರಣೆ ಬಾಕ್ಸಿಂಗಿನದು. ಅಮೆರಿಕದ ಜೋ ಲೂಯಿಯನ್ನು 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಸೋಲಿಸಿದ. 1938ರಲ್ಲಿ ಲೂಯಿ ಮೊದಲ ಸುತ್ತಿನಲ್ಲೇ ಸೇಡು ತೀರಿಸಿಕೊಂಡ. ಷ್ಮೆಲಿಂಗ್‌ನಂಥವನು ಇಲ್ಲದೆ ಹೋಗಿದ್ದರೆ ಲೂಯಿ ಎಷ್ಟೇ ಬಲಶಾಲಿಯಾದರೂ ಅವನ ಪಂದ್ಯಕ್ಕೆ ಟಿಕೆಟ್ ಕೊಳ್ಳುವವರು ಯಾರು? ಚಾಂಪಿಯನ್ನನ ಗಳಿಕೆ ಅವನ ಎದುರಾಳಿಯ ಶಕ್ತಿಯನ್ನು ಅವಲಂಬಿಸಿದೆ ಎಂಬ ಈ ವೈಚಿತ್ರ್ಯ ಅರ್ಥಶಾಸ್ತ್ರದಲ್ಲಿ ಆ ಇಬ್ಬರ ಹೆಸರಿನಿಂದಲೇ ಪರಿಚಿತವಾಗಿದೆ. ನಮ್ಮ ಕುಸ್ತಿ ಕಮಿಟಿಯ ಹಿರಿಯರು ಇದನ್ನೇ 'ಜೋಡಿ' ಎಂಬ ಎರಡಕ್ಷರದಲ್ಲಿ ಹೇಳುತ್ತಾರೆ.

ಇಲ್ಲೊಂದು ತೊಡಕಿದೆ. ಕುಸ್ತಿಯಲ್ಲಿ ಜೋಡಿ ಮಾಡುವ ಕಮಿಟಿ ಇದೆ, ತೂಗಿ ನೋಡುವ ಹಿರಿಯರಿದ್ದಾರೆ. ಲೀಗ್ ಪದ್ಧತಿಯ ಫುಟ್‌ಬಾಲ್‌ನಲ್ಲಿ ಪ್ರತಿಯೊಂದು ತಂಡವೂ ಉಳಿದೆಲ್ಲ ತಂಡಗಳೊಂದಿಗೆ ಆಡಲೇಬೇಕು. ಅಲ್ಲಿ ಹಲ್ಲು ಎಣಿಸಿ ಟಗರು ಬಿಡುವ ಅವಕಾಶವಿಲ್ಲ. ದೊಡ್ಡ ನಗರದ ತಂಡಕ್ಕೆ ಪ್ರೇಕ್ಷಕರು ಹೆಚ್ಚು, ಜಾಹೀರಾತು ಹೆಚ್ಚು. ಆ ಹಣದಿಂದ ಒಳ್ಳೆಯ ಆಟಗಾರರನ್ನು ಕೊಳ್ಳುತ್ತದೆ, ಗೆಲ್ಲುತ್ತದೆ, ಗೆದ್ದದ್ದರಿಂದ ಇನ್ನಷ್ಟು ಹಣ ಬರುತ್ತದೆ. ಸಣ್ಣ ಊರಿನ ತಂಡ ಸೋಲುತ್ತ, ಸೊರಗುತ್ತ ಹೋಗುತ್ತದೆ. ಹಾಗಾಗಿ ಜೋಡಿಯನ್ನು ಸಮ ಮಾಡಲು ಉಳಿದ ದಾರಿ ಹಣದ್ದು. ಆದಾಯ ಹಂಚಿಕೆ ಎನ್ನುವುದು ಹುಟ್ಟಿದ್ದು ಇಲ್ಲಿಂದ.

ಒಂದು ಸಣ್ಣ ಊರಿನ ದೊಡ್ಡ ತಂಡ

ಈ ದಾರಿಯನ್ನು ಎಲ್ಲರಿಗಿಂತ ದೂರ ಕೊಂಡೊಯ್ದವರು, ಆಶ್ಚರ್ಯವೆನಿಸಿದರೂ, ಬಂಡವಾಳಶಾಹಿಯ ತವರಾದ ಅಮೆರಿಕದವರು. ಅಲ್ಲಿ ಫುಟ್‌ಬಾಲ್ ಎಂದರೆ ನಾವು ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಬೇರೆಯದೇ ಆಟ. ಆದರೆ ತಂಡಗಳ ನಡುವಿನ ಲೆಕ್ಕಾಚಾರ ಎರಡಕ್ಕೂ ಒಂದೇ.

ವಿಸ್ಕಾನ್ಸಿನ್ ರಾಜ್ಯದಲ್ಲಿ ಗ್ರೀನ್ ಬೇ ಎಂಬ ಊರಿದೆ. ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ರಬಕವಿ-ಬನಹಟ್ಟಿ ಅವಳಿ ಪಟ್ಟಣಕ್ಕಿಂತ ಸ್ವಲ್ಪವೇ ದೊಡ್ಡದು. ಈ ಊರಿನ 'ಪ್ಯಾಕರ್ಸ್' ತಂಡ 1919ರಲ್ಲಿ ಹುಟ್ಟಿತು. ಮಾಂಸ ಸಂಸ್ಕರಿಸುವ ಕಂಪನಿಯೊಂದು ಸಮವಸ್ತ್ರಕ್ಕೆ ಹಣ ಕೊಟ್ಟದ್ದರಿಂದ ಆ ಹೆಸರು ಬಂತು. ಹಣದ ಮುಗ್ಗಟ್ಟು ಎದುರಾದಾಗ 1923ರಲ್ಲಿ ಊರಿನ ಜನರೇ ಷೇರು ಕೊಂಡು ತಂಡವನ್ನು ತಮ್ಮದಾಗಿಸಿಕೊಂಡರು. ಇಂದು ಅದಕ್ಕೆ 5 ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. ಯಾರಿಗೂ ಲಾಭಾಂಶವಿಲ್ಲ. ಅದೇ ಕಾಲದಲ್ಲಿ ಲೀಗ್‌ನಲ್ಲಿದ್ದ ಕ್ಯಾಂಟನ್, ಡುಲುತ್, ಪಾಟ್ಸ್‌ವಿಲ್ ಮೊದಲಾದ ಸಣ್ಣ ಊರುಗಳ ತಂಡಗಳೆಲ್ಲ ಒಂದೊಂದಾಗಿ ಅಳಿಸಿಹೋದವು. ಗ್ರೀನ್ ಬೇ ಒಂದೇ ಉಳಿಯಿತು. ಉಳಿದದ್ದಷ್ಟೇ ಅಲ್ಲ, 13 ಬಾರಿ ಲೀಗ್ ಚಾಂಪಿಯನ್ ಆಯಿತು.

ಊರಿನವರ ಅಭಿಮಾನ ಈ ಕಥೆಯ ಅರ್ಧ ಭಾಗ ಮಾತ್ರ. ಉಳಿದರ್ಧ 1961ರಲ್ಲಿದೆ. ಅಲ್ಲಿಯವರೆಗೆ ಪ್ರತಿ ತಂಡವೂ ತನ್ನ ಟೀವಿ ಹಕ್ಕನ್ನು ತಾನೇ ಮಾರಿಕೊಳ್ಳುತ್ತಿತ್ತು. ನ್ಯೂಯಾರ್ಕ್, ಷಿಕಾಗೋ ತಂಡಗಳಿಗೆ ಸಿಗುತ್ತಿದ್ದ ಬೆಲೆ ಗ್ರೀನ್ ಬೇಗೆ ಹೇಗೆ ಸಿಕ್ಕೀತು? ಆಗಿನ ಲೀಗ್ ಕಮಿಷನರ್ ಪೀಟ್ ರೋಜೆಲ್, ಎಲ್ಲ ತಂಡಗಳ ಹಕ್ಕನ್ನೂ ಒಟ್ಟಾಗಿ ಮಾರಿ ಬಂದ ಹಣವನ್ನು ಸರಿಸಮ ಹಂಚಿಕೊಳ್ಳಬೇಕೆಂದು ಪಟ್ಟು ಹಿಡಿದರು. ದೊಡ್ಡ ನಗರಗಳ ತಂಡಗಳ ಮಾಲೀಕರೂ ಒಪ್ಪಿದರು. ಹೀಗೆ ಒಟ್ಟಾಗಿ ಮಾರುವುದು ಏಕಸ್ವಾಮ್ಯ ವಿರೋಧಿ ಕಾನೂನಿಗೆ ಅಡ್ಡ ಬಂದಾಗ, ಅಮೆರಿಕದ ಸಂಸತ್ತು 1961ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿಕೊಟ್ಟಿತು. 1962ರಲ್ಲಿ ಸಿಬಿಎಸ್ ವಾಹಿನಿ ಕೊಟ್ಟ ವರ್ಷದ 46.5 ಲಕ್ಷ ಡಾಲರ್‌ಗಳನ್ನು 14 ತಂಡಗಳು ಸಮನಾಗಿ ಹಂಚಿಕೊಂಡವು. ತಲಾ ಸುಮಾರು 3.3 ಲಕ್ಷ ಡಾಲರ್.

ಆ ಪದ್ಧತಿ ಇಂದಿಗೂ ಮುಂದುವರಿದಿದೆ. ಊರಿನವರದ್ದೇ ಸ್ವತ್ತಾದ್ದರಿಂದ ಪ್ಯಾಕರ್ಸ್ ತಂಡ ತನ್ನ ಲೆಕ್ಕಪತ್ರವನ್ನು ಪ್ರತಿವರ್ಷ ಬಹಿರಂಗಪಡಿಸುತ್ತದೆ. 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಲೀಗ್‌ನ ಸಾಮೂಹಿಕ ನಿಧಿಯಿಂದ ಅದಕ್ಕೆ ಬಂದ ಪಾಲು 43.26 ಕೋಟಿ ಡಾಲರ್. ಉಳಿದ 31 ತಂಡಗಳಿಗೂ ಅಷ್ಟೇ. ಟಿಕೆಟ್ ಹಣದಲ್ಲೂ ಶೇಕಡಾ 34 ಭಾಗ ಅತಿಥಿ ತಂಡಗಳ ನಿಧಿಗೆ ಹೋಗುತ್ತದೆ. ಇಷ್ಟು ಸಾಲದೆಂದು ಇನ್ನೆರಡು ಕಟ್ಟುಪಾಡುಗಳಿವೆ. 1936ರಿಂದ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಮೊದಲ ಅವಕಾಶ ಹಿಂದಿನ ವರ್ಷ ಅತ್ಯಂತ ಕಳಪೆಯಾಗಿ ಆಡಿದ ತಂಡದ್ದು. 1994ರಿಂದ ಆಟಗಾರರ ಒಟ್ಟು ಸಂಬಳಕ್ಕೆ ಒಂದು ಮಿತಿ. ಗೆದ್ದವನ ಕಾಲಿಗೆ ಸ್ವಲ್ಪ ಭಾರ, ಸೋತವನ ಬೆನ್ನಿಗೆ ಸ್ವಲ್ಪ ಆಸರೆ!

ಇಂಗ್ಲೆಂಡಿನ ದಾರಿ ಬೇರೆ

ನಮ್ಮ ಕಾಲ್ಚೆಂಡಿನ ತವರಾದ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಲೀಗ್ ಆರಂಭವಾದದ್ದು 1888ರಲ್ಲಿ, 12 ತಂಡಗಳೊಂದಿಗೆ. ಅಲ್ಲಿಯೂ ಹಿಂದೆ ಹಂಚಿಕೆಯ ಸಂಪ್ರದಾಯವಿತ್ತು. ಟಿಕೆಟ್ ಹಣದಲ್ಲಿ ಶೇಕಡಾ 20ರವರೆಗೆ ಅತಿಥಿ ತಂಡಕ್ಕೆ ಕೊಡಬೇಕಿತ್ತು. ಆಟಗಾರರ ಸಂಬಳಕ್ಕೆ 1901ರಿಂದ ಗರಿಷ್ಠ ಮಿತಿಯಿತ್ತು. ಮೊದಲಿಗೆ ವಾರಕ್ಕೆ 4 ಪೌಂಡ್, 1961ರಲ್ಲಿ ಅದು ರದ್ದಾಗುವ ಹೊತ್ತಿಗೆ 20 ಪೌಂಡ್. ಆ ಮಿತಿ ತಂಡಗಳನ್ನು ಸಮವಾಗಿಡಲು ನೆರವಾಯಿತಾದರೂ, ಮೈದಾನ ತುಂಬಿಸುತ್ತಿದ್ದ ಆಟಗಾರ ಕಾರ್ಖಾನೆ ಕೂಲಿಯವನಷ್ಟೇ ಸಂಪಾದಿಸುವಂತಾಗಿತ್ತು ಎಂಬುದನ್ನು ಮರೆಯಬಾರದು. ಸಮಬಲದ ಹೆಸರಿನಲ್ಲಿ ಆಟಗಾರನ ಹೊಟ್ಟೆಗೆ ಹೊಡೆಯುವುದು ಯಾವ ಕಾಲಕ್ಕೂ ಇರುವ ಅಪಾಯ.

1983ರಲ್ಲಿ ದೊಡ್ಡ ಕ್ಲಬ್‌ಗಳ ಒತ್ತಾಯದಿಂದ ಟಿಕೆಟ್ ಹಣದ ಹಂಚಿಕೆ ನಿಂತುಹೋಯಿತು. ನಮ್ಮ ಮೈದಾನ, ನಮ್ಮ ಜನ, ನಮ್ಮ ಹಣ ಎಂಬುದು ಅವರ ವಾದ. 1992ರಲ್ಲಿ ಮೊದಲ ದರ್ಜೆಯ ಕ್ಲಬ್‌ಗಳು ಹಳೆಯ ಲೀಗ್‌ನಿಂದ ಹೊರಬಂದು ಪ್ರೀಮಿಯರ್ ಲೀಗ್ ಕಟ್ಟಿಕೊಂಡವು. ದೇಶದೊಳಗಿನ ಟೀವಿ ಹಣಕ್ಕೆ ಅವು ಒಂದು ಸೂತ್ರ ಮಾಡಿಕೊಂಡವು: ಅರ್ಧ ಭಾಗ ಎಲ್ಲರಿಗೂ ಸಮ, ಕಾಲು ಭಾಗ ಅಂಕಪಟ್ಟಿಯ ಸ್ಥಾನಕ್ಕೆ ತಕ್ಕಂತೆ, ಉಳಿದ ಕಾಲು ಭಾಗ ಟೀವಿಯಲ್ಲಿ ಎಷ್ಟು ಪಂದ್ಯ ತೋರಿಸಲಾಯಿತು ಎಂಬುದರ ಮೇಲೆ. ಯುರೋಪಿನ ಲೀಗ್‌ಗಳ ಪೈಕಿ ಇದು ಉದಾರವಾದ ಹಂಚಿಕೆಯೇ ಸರಿ. ಆದರೆ ಈ ಹಂಚಿಕೆ ಆ ಒಂದು ಲೀಗಿನ ಒಳಗೆ ಮಾತ್ರ. ಅದರಿಂದ ಕೆಳದರ್ಜೆಗೆ ಇಳಿದ ತಂಡ ಒಮ್ಮೆಲೇ ಪಾತಾಳಕ್ಕೆ ಬೀಳುತ್ತದೆ.

ಫಲವೇನು? 1992ರಿಂದ 2025ರವರೆಗಿನ 33 ಋತುಗಳಲ್ಲಿ ಪ್ರಶಸ್ತಿ ಗೆದ್ದದ್ದು ಏಳೇ ಕ್ಲಬ್‌ಗಳು. ಅದರಲ್ಲಿ 21 ಬಾರಿ ಗೆದ್ದವು ಒಂದೇ ನಗರದ ಎರಡು ತಂಡಗಳು: ಮ್ಯಾಂಚೆಸ್ಟರ್ ಯುನೈಟೆಡ್ 13, ಮ್ಯಾಂಚೆಸ್ಟರ್ ಸಿಟಿ 8. 2015-16ರಲ್ಲಿ ಲೆಸ್ಟರ್ ಸಿಟಿ ತಂಡ ಚಾಂಪಿಯನ್ ಆದಾಗ ಜಗತ್ತೇ ಬೆರಗಾಯಿತು. ಋತುವಿನ ಆರಂಭದಲ್ಲಿ ಬಾಜಿ ಕಟ್ಟಿಸಿಕೊಳ್ಳುವವರು ಅದರ ಗೆಲುವಿಗೆ ಒಂದಕ್ಕೆ ಐದು ಸಾವಿರದ ದರ ಇಟ್ಟಿದ್ದರು. ಸಣ್ಣ ತಂಡದ ಗೆಲುವು ಪವಾಡವೆನಿಸಿಕೊಳ್ಳುವ ಲೀಗ್ ಸಮಬಲದ ಲೀಗ್ ಆಗುವುದು ಹೇಗೆ? ಜರ್ಮನಿಯ ಸ್ಥಿತಿ ಇನ್ನೂ ವಿಷಮ. ಅಲ್ಲಿ 2013ರಿಂದ 2023ರವರೆಗೆ ಸತತ 11 ಬಾರಿ ಬಾಯರ್ನ್ ಮ್ಯೂನಿಕ್ ತಂಡವೇ ಗೆದ್ದಿತು. ಯುರೋಪಿನ ಚಾಂಪಿಯನ್ಸ್ ಲೀಗ್‌ನಿಂದ ಬರುವ ಭಾರಿ ಹಣ ಆಗಲೇ ಗೆಲ್ಲುತ್ತಿರುವ ಕೆಲವೇ ತಂಡಗಳ ಬೊಕ್ಕಸ ಸೇರುತ್ತಿರುವುದು ಇದಕ್ಕೆ ಒಂದು ಕಾರಣ.

ಹಂಚಿದ ಮಾತ್ರಕ್ಕೆ ಸಮಬಲವೇ?

ಹಾಗಾದರೆ ಹಣವನ್ನು ಸಮನಾಗಿ ಹಂಚಿಬಿಟ್ಟರೆ ಆಟ ತಾನಾಗಿ ಸಮವಾಗುತ್ತದೆಯೇ? ಅಷ್ಟು ಸುಲಭವಿಲ್ಲ. ಟಿಕೆಟ್ ಹಣ ಹಂಚಿದ ಮಾತ್ರಕ್ಕೆ ತಂಡಗಳ ಬಲಾಬಲ ಬದಲಾಗಬೇಕೆಂದಿಲ್ಲ ಎಂದು ವಾದಿಸುವ ಅರ್ಥಶಾಸ್ತ್ರಜ್ಞರಿದ್ದಾರೆ. ಅವರ ತರ್ಕ ಸರಳ. ಒಳ್ಳೆಯ ಆಟಗಾರನನ್ನು ಕೊಂಡು ತಾನು ಗಳಿಸುವ ಹಣದಲ್ಲಿ ಒಂದು ಭಾಗ ಎದುರಾಳಿಯ ಪಾಲಾಗುವುದಾದರೆ, ಒಳ್ಳೆಯ ಆಟಗಾರನಿಗೆ ಹೆಚ್ಚು ಹಣ ಕೊಡುವ ಉತ್ಸಾಹ ದೊಡ್ಡ ತಂಡಕ್ಕೂ ಕುಗ್ಗುತ್ತದೆ, ಸಣ್ಣ ತಂಡಕ್ಕೂ ಕುಗ್ಗುತ್ತದೆ. ಬಲಾಬಲ ಇದ್ದಲ್ಲೇ ಉಳಿಯುತ್ತದೆ. ಇಳಿಯುವುದು ಆಟಗಾರರ ಸಂಬಳ, ಉಳಿಯುವುದು ಮಾಲೀಕರ ಲಾಭ. ಸೋತರೂ ಪಾಲು ಬರುತ್ತದೆಂದು ಕೈಕಟ್ಟಿ ಕುಳಿತುಕೊಳ್ಳುವ ಮಾಲೀಕನೂ ಇರಬಹುದು. ಆದ್ದರಿಂದಲೇ ಅಮೆರಿಕದ ಲೀಗ್‌ನಲ್ಲಿ ಸಂಬಳಕ್ಕೆ ಮೇಲ್ಮಿತಿಯ ಜೊತೆಗೆ ಕೆಳಮಿತಿಯೂ ಇದೆ. ಬಂದ ಪಾಲಿನಲ್ಲಿ ಇಷ್ಟನ್ನಾದರೂ ಆಟಗಾರರಿಗೆ ಖರ್ಚು ಮಾಡಲೇಬೇಕು.

ಇನ್ನೊಂದು ಉದಾಹರಣೆ ಮನೆಮನೆಗೂ ಗೊತ್ತಿರುವಂಥದ್ದು. ಐಪಿಎಲ್ ಕ್ರಿಕೆಟ್‌ನಲ್ಲಿ ಟೀವಿ ಹಕ್ಕಿನ ಹಣದಲ್ಲಿ ತಂಡಗಳಿಗೆ ಪಾಲಿದೆ. ಹರಾಜಿನಲ್ಲಿ ಎಲ್ಲ ತಂಡಗಳಿಗೂ ಒಂದೇ ಮಿತಿ, 2025ರಲ್ಲಿ ಅದು 120 ಕೋಟಿ ರೂಪಾಯಿ. ಆದರೂ 2008ರಲ್ಲಿ ಹುಟ್ಟಿದ ರಾಯಲ್ ಚಾಲೆಂಜರ್ಸ್ ತಂಡ ಮೊದಲ ಕಪ್ ಎತ್ತಲು 2025ರ ಜೂನ್ 3ರವರೆಗೆ ಕಾಯಬೇಕಾಯಿತು. 18 ವರ್ಷ 'ಈ ಸಲ ಕಪ್ ನಮ್ದೇ' ಎಂದು ಹೇಳುತ್ತ ಬಂದವರಿಗೆ ಸಮಾನ ಹಣವೆಂದರೆ ಸಮಾನ ಫಲವಲ್ಲ ಎಂಬುದು ಚೆನ್ನಾಗಿ ಗೊತ್ತು. ಆದರೆ ಆ 18 ವರ್ಷವೂ ಜನ ಮೈದಾನ ಬಿಟ್ಟು ಹೋಗಲಿಲ್ಲವಲ್ಲ, ಏಕೆ? ಪ್ರತಿವರ್ಷವೂ ಗೆಲ್ಲುವ ಸಾಧ್ಯತೆ ನಿಜವಾಗಿಯೂ ಇತ್ತು. ಹಂಚಿಕೆ ಗೆಲುವನ್ನು ಕೊಡುವುದಿಲ್ಲ, ಗೆಲ್ಲಬಹುದೆಂಬ ನಂಬಿಕೆಯನ್ನು ಉಳಿಸುತ್ತದೆ. ಲೀಗ್ ಮಾರುವ ನಿಜವಾದ ಸರಕು ಅದೇ.

'ಆದಾಯ ಹಂಚಿಕೆ' ಎಂಬ ಮಾತು ಕೃಷ್ಣಾ, ಘಟಪ್ರಭಾ ತೀರದ ಕಬ್ಬು ಬೆಳೆಗಾರರಿಗೂ ಹೊಸದಲ್ಲ. 2012ರಲ್ಲಿ ಸಿ. ರಂಗರಾಜನ್ ಸಮಿತಿ, ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ ಶೇಕಡಾ 70ನ್ನು ರೈತರಿಗೆ ಕೊಡಬೇಕೆಂದು ಶಿಫಾರಸು ಮಾಡಿತ್ತು. ಕಬ್ಬಿಲ್ಲದೆ ಕಾರ್ಖಾನೆ ಇಲ್ಲ ಎಂಬ ತರ್ಕ ಅದರ ಹಿಂದಿದೆ. ಎದುರಾಳಿ ಇಲ್ಲದೆ ಪಂದ್ಯವಿಲ್ಲ ಎಂಬುದೂ ಅದೇ ಜಾತಿಯ ತರ್ಕ. ವ್ಯತ್ಯಾಸ ಇಷ್ಟೇ: ಇಲ್ಲಿ ಪಾಲು ಕೊಡಬೇಕಾದ್ದು ನಮ್ಮನ್ನೇ ಸೋಲಿಸಲು ಬಂದವನಿಗೆ. ಅದಕ್ಕೇ ಮನಸ್ಸು ಒಪ್ಪುವುದು ಕಷ್ಟ.

ಕಾರ್ಖಾನೆಗಳಿಂದ ಕ್ಲಬ್ಬಿಗೆ

ಈಗ ನಮ್ಮ ರಾಜ್ಯದ ಕಥೆಗೆ ಬರೋಣ. ಕರ್ನಾಟಕದ ಫುಟ್‌ಬಾಲ್ ಇತಿಹಾಸ ಸಣ್ಣದಲ್ಲ. ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದ ರಾಜ್ಯ ತಂಡ 1946-47, 1952-53, 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. ಅನಂತರ 54 ವರ್ಷ ಕಾದು, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಮತ್ತೆ ಪ್ರಶಸ್ತಿ ಪಡೆಯಿತು.

ಹಿಂದಿನ ಆ ವೈಭವಕ್ಕೆ ಆಧಾರವಾಗಿದ್ದವರಲ್ಲಿ ಬೆಂಗಳೂರಿನ ಸಾರ್ವಜನಿಕ ರಂಗದ ಕಾರ್ಖಾನೆಗಳು ಪ್ರಮುಖ. ಎಚ್‌ಎಎಲ್, ಐಟಿಐಗಳಂಥ ಸಂಸ್ಥೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದ್ದವು. ಆಟಗಾರನಿಗೆ ತಿಂಗಳ ಸಂಬಳ, ನಿವೃತ್ತಿಯ ಭದ್ರತೆ ಎರಡೂ ಇದ್ದವು. ಅಲ್ಲಿ ಟಿಕೆಟ್ ಹಣ ಹಂಚುವ ಪ್ರಶ್ನೆಯೇ ಮುಖ್ಯವಾಗಿರಲಿಲ್ಲ, ಏಕೆಂದರೆ ಆಟದ ಖರ್ಚನ್ನು ಆಟ ಹೊರುತ್ತಿರಲಿಲ್ಲ, ಕಾರ್ಖಾನೆ ಹೊರುತ್ತಿತ್ತು. 1996ರಲ್ಲಿ ರಾಷ್ಟ್ರೀಯ ಲೀಗ್, 2007ರಲ್ಲಿ ಐ-ಲೀಗ್ ಬಂದಮೇಲೆ ವಿದೇಶಿ ಆಟಗಾರರು, ದೊಡ್ಡ ಸಂಬಳ, ದೇಶದುದ್ದದ ಪ್ರಯಾಣ ಎಲ್ಲವೂ ಬಂದವು. ಖರ್ಚು ವೃತ್ತಿಪರವಾಯಿತು, ಆದಾಯ ಮಾತ್ರ ಆಗಲಿಲ್ಲ. ಎಚ್‌ಎಎಲ್ ತಂಡ 2010-11ರಲ್ಲಿ ಐ-ಲೀಗ್‌ಗೆ ಬಂದು 2012ರಲ್ಲಿ ಕೆಳದರ್ಜೆಗೆ ಇಳಿಯಿತು.

ಆ ಖಾಲಿ ಜಾಗಕ್ಕೆ 2013ರಲ್ಲಿ ಜೆಎಸ್‌ಡಬ್ಲ್ಯೂ ಸಂಸ್ಥೆಯ ಬೆಂಗಳೂರು ಎಫ್‌ಸಿ ಬಂತು. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು, 2015-16ರಲ್ಲಿ ಮತ್ತೆ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. 2017ರಲ್ಲಿ ಅದು ಇಂಡಿಯನ್ ಸೂಪರ್ ಲೀಗ್‌ಗೆ, ಅಂದರೆ ಐಎಸ್‌ಎಲ್‌ಗೆ ಸೇರಿತು.

2014ರಲ್ಲಿ ಆರಂಭವಾದ ಐಎಸ್‌ಎಲ್ ಇಂಗ್ಲೆಂಡಿನ ಆಟವನ್ನು ಅಮೆರಿಕದ ಲೆಕ್ಕಪುಸ್ತಕಕ್ಕೆ ಹೊಂದಿಸಿದ ಪ್ರಯೋಗ. ತಂಡಗಳು ಫ್ರಾಂಚೈಸಿ ಶುಲ್ಕ ಕಟ್ಟಬೇಕು, ಟೀವಿ ಮತ್ತು ಪ್ರಾಯೋಜಕತ್ವದ ಸಾಮೂಹಿಕ ನಿಧಿಯಿಂದ ಪಾಲು ಪಡೆಯಬೇಕು. ಸಂಬಳಕ್ಕೆ ಮಿತಿ ಉಂಟು. ಆರಂಭದಲ್ಲಿ ಆಟಗಾರರ ಡ್ರಾಫ್ಟ್, 2015ರಲ್ಲಿ ಒಂದು ಹರಾಜೂ ನಡೆಯಿತು. ಆ ಹರಾಜಿನಲ್ಲಿ ಸುನಿಲ್ ಛೆಟ್ರಿಯನ್ನು ಮುಂಬೈ ತಂಡ 1.2 ಕೋಟಿ ರೂಪಾಯಿಗೆ ಕೊಂಡಿತು. ಬಹುಕಾಲ ಕೆಳದರ್ಜೆಗೆ ಇಳಿಯುವ ಭಯವೂ ಇರಲಿಲ್ಲ.

ಸಮಬಲದ ಲೆಕ್ಕದಲ್ಲಿ ಈ ಪ್ರಯೋಗ ಸೋತಿತೆನ್ನಲಾಗದು. 2014ರಿಂದ 2025ರವರೆಗಿನ 11 ಋತುಗಳಲ್ಲಿ ಕೋಲ್ಕತ್ತದ ಎಟಿಕೆ ಮೂರು ಬಾರಿ, ಅದನ್ನು ಒಳಗೊಂಡ ಮೋಹನ್ ಬಾಗಾನ್ ಎರಡು ಬಾರಿ, ಚೆನ್ನೈ ಮತ್ತು ಮುಂಬೈ ತಲಾ ಎರಡು ಬಾರಿ, ಬೆಂಗಳೂರು ಮತ್ತು ಹೈದರಾಬಾದ್ ತಲಾ ಒಂದು ಬಾರಿ ಗೆದ್ದಿವೆ. ಬೆಂಗಳೂರು ನಾಲ್ಕು ಫೈನಲ್ ಆಡಿ, 2018-19ರಲ್ಲಿ ಗೋವಾವನ್ನು ಹೆಚ್ಚುವರಿ ಸಮಯದ ಏಕೈಕ ಗೋಲಿನಿಂದ ಸೋಲಿಸಿ ಕಪ್ ಎತ್ತಿತು.

ಹಂಚಲು ಏನಿದೆ?

ತೊಂದರೆ ಇದ್ದದ್ದು ಹಂಚುವ ವಿಧಾನದಲ್ಲಲ್ಲ, ಹಂಚಬೇಕಾದ ಹಣದಲ್ಲಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರ ಡಿಸೆಂಬರ್‌ನಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನೆಲ್ಲ 15 ವರ್ಷಗಳ ಅವಧಿಗೆ, 700 ಕೋಟಿ ರೂಪಾಯಿಗಳಿಗೆ ಐಎಂಜಿ-ರಿಲಯನ್ಸ್‌ಗೆ ಒಪ್ಪಿಸಿತ್ತು. ಲೀಗ್ ನಡೆಸಲು ಅದರಿಂದ ಹುಟ್ಟಿದ ಕಂಪನಿ ಎಫ್‌ಎಸ್‌ಡಿಎಲ್. ಈಚಿನ ವರ್ಷಗಳಲ್ಲಿ ಅದು ಫೆಡರೇಷನ್‌ಗೆ ವರ್ಷಕ್ಕೆ 50 ಕೋಟಿ ರೂಪಾಯಿ ಕೊಡುತ್ತಿತ್ತು. ಇತ್ತ ಕ್ಲಬ್‌ಗಳು ಪಡೆಯುತ್ತಿದ್ದ ಪಾಲು ಅವುಗಳ ಖರ್ಚಿಗೆ ಎಂದೂ ಸಾಲಲಿಲ್ಲ. ಉಳಿದದ್ದನ್ನು ಮಾಲೀಕರು ಕೈಯಿಂದ ಹಾಕುತ್ತಿದ್ದರು. ಹಿಂದೆ ಎಚ್‌ಎಎಲ್ ಹೊತ್ತಿದ್ದ ಭಾರವನ್ನೇ ಈಗ ಬೇರೆ ಹೆಸರಿನ ಕಂಪನಿಗಳು ಹೊತ್ತಿದ್ದವು.

ಇಂಥ ಆಸರೆ ಎಷ್ಟು ದುರ್ಬಲವೆಂಬುದಕ್ಕೆ ಹೈದರಾಬಾದ್ ಸಾಕ್ಷಿ. 2021-22ರ ಚಾಂಪಿಯನ್ ಆದ ಆ ತಂಡ 2023-24ರ ಹೊತ್ತಿಗೆ ಸಂಬಳ ಕೊಡಲಾಗದ ಸ್ಥಿತಿಗೆ ಬಂದು, ಅನೇಕ ಆಟಗಾರರನ್ನು ಕಳೆದುಕೊಂಡಿತು. 2025ರಲ್ಲಿ ಅದು ದೆಹಲಿಗೆ ಸ್ಥಳಾಂತರಗೊಂಡು ಹೆಸರನ್ನೂ ಬದಲಿಸಿಕೊಂಡಿತು. ಹೈದರಾಬಾದಿನ ಅಭಿಮಾನಿಗೆ ಉಳಿದದ್ದು ನೆನಪು.

2025ರಲ್ಲಿ 15 ವರ್ಷಗಳ ಒಪ್ಪಂದ ಮುಗಿಯುವ ಕಾಲ ಬಂತು. ಮುಂದಿನ ವ್ಯವಸ್ಥೆಗಾಗಿ ಎಫ್‌ಎಸ್‌ಡಿಎಲ್ ಒಂದು ಹೊಸ ಕಂಪನಿಯ ಪ್ರಸ್ತಾಪ ಇಟ್ಟಿತೆಂದು ಪತ್ರಿಕೆಗಳು ವರದಿ ಮಾಡಿದವು. ಅದರಲ್ಲಿ ಕ್ಲಬ್‌ಗಳಿಗೆ ಶೇಕಡಾ 60, ಎಫ್‌ಎಸ್‌ಡಿಎಲ್‌ಗೆ 26, ಫೆಡರೇಷನ್‌ಗೆ 14 ಪಾಲು. ಒಮ್ಮತ ಮೂಡಲಿಲ್ಲ. ಜುಲೈ 11ರಂದು ಲೀಗನ್ನು ತಡೆಹಿಡಿಯಲಾಯಿತು. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಮಕ್ಕಳ ತರಬೇತಿ ಶಾಲೆಗಳು ಮತ್ತು ಯುವ ತಂಡಗಳನ್ನು ಮುಂದುವರಿಸುವುದಾಗಿ ಹೇಳಿತು. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಅಕ್ಟೋಬರ್‌ನಲ್ಲಿ ಫೆಡರೇಷನ್ ಹೊಸ ಟೆಂಡರ್ ಕರೆಯಿತು. ವರ್ಷಕ್ಕೆ ಕನಿಷ್ಠ 37.5 ಕೋಟಿ ರೂಪಾಯಿ ಅಥವಾ ಒಟ್ಟು ಆದಾಯದ ಶೇಕಡಾ 5, ಯಾವುದು ಹೆಚ್ಚೋ ಅದು ಎಂಬುದು ಷರತ್ತು. ನವೆಂಬರ್ 7ರ ಗಡುವು ಮುಗಿದಾಗ ಒಂದೇ ಒಂದು ಬಿಡ್ ಬಂದಿರಲಿಲ್ಲ! ಕೊನೆಗೆ 2026ರ ಜನವರಿಯಲ್ಲಿ, 14 ಕ್ಲಬ್‌ಗಳೊಂದಿಗೆ ಫೆಬ್ರವರಿ 14ರಿಂದ ಮೊಟಕುಗೊಂಡ ಲೀಗ್ ನಡೆಸುವುದಾಗಿ ಕೇಂದ್ರ ಕ್ರೀಡಾ ಸಚಿವರು ಘೋಷಿಸಬೇಕಾಯಿತು.

ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಅಮೆರಿಕದಲ್ಲಿ 1961ರಲ್ಲಿ ಟೀವಿ ಹಕ್ಕು ಮಾರಿದವರು ತಂಡಗಳೇ. ಬೆಲೆ ಏರಿದಂತೆ ಎಲ್ಲರ ಪಾಲೂ ಏರಿತು. ನಮ್ಮಲ್ಲಿ ಹಕ್ಕು ಕ್ಲಬ್‌ಗಳ ಕೈಯಲ್ಲಿರಲಿಲ್ಲ. ಅವು ಪಾಲುದಾರರಂತೆ ಕಂಡರೂ ವಾಸ್ತವದಲ್ಲಿ ಕೊಟ್ಟಷ್ಟು ಪಡೆಯುವ ಬಾಡಿಗೆದಾರರಾಗಿದ್ದವು. ಕೊಡುವವನು ಒಬ್ಬನೇ ಆಗಿದ್ದಾಗ ಅವನ ಕೈ ನಿಂತರೆ ಎಲ್ಲರ ಮನೆಯ ಒಲೆಯೂ ಆರುತ್ತದೆ. ಒಬ್ಬನೇ ಸಾಹುಕಾರನಿಂದ ನೂಲು ತಂದು ಕೂಲಿಗೆ ನೇಯುವ ನೇಕಾರನಿಗೆ ಈ ಸಂಕಟ ಹೊಸದಲ್ಲ.

ಸಣ್ಣ ಊರಿನ ಪ್ರಶ್ನೆ

ಇದೆಲ್ಲ ಬೆಂಗಳೂರಿನ, ಕೋಲ್ಕತ್ತದ ಕ್ಲಬ್‌ಗಳ ವ್ಯವಹಾರ, ನಮಗೇನು ಎಂದು ಯಾರಾದರೂ ಕೇಳಬಹುದು. ಐಎಸ್‌ಎಲ್‌ನಲ್ಲಿ ಕರ್ನಾಟಕದಿಂದ ಇರುವುದು ಒಂದೇ ತಂಡ, ಅದೂ ರಾಜಧಾನಿಯದು. ಉತ್ತರ ಕರ್ನಾಟಕದ ಹುಡುಗನೊಬ್ಬ ಚೆಂಡನ್ನು ಚೆನ್ನಾಗಿ ಒದೆಯಬಲ್ಲವನಾದರೆ ಅವನು ಹತ್ತಬೇಕಾದ ಏಣಿ ಉದ್ದವಾಗಿದೆ. ತಾಲ್ಲೂಕು, ಜಿಲ್ಲೆ, ರಾಜ್ಯ ಲೀಗ್, ಆಮೇಲೆ ರಾಷ್ಟ್ರೀಯ ಲೀಗ್. ಹಂಚಿಕೆ ಮೇಲಿನ ಮೆಟ್ಟಿಲಲ್ಲೇ ನಿಂತುಬಿಟ್ಟರೆ ಕೆಳಗಿನ ಮೆಟ್ಟಿಲುಗಳಿಗೆ ಗೆದ್ದಲು ಹಿಡಿಯುತ್ತದೆ. ಇಂಗ್ಲೆಂಡಿನ ದೊಡ್ಡ ಕ್ಲಬ್‌ಗಳು 1992ರಲ್ಲಿ ಪ್ರತ್ಯೇಕವಾದಾಗ ಅಲ್ಲಿನ ಕೆಳದರ್ಜೆಯ ಕ್ಲಬ್‌ಗಳು ಎದುರಿಸಿದ ಕಷ್ಟವೂ ಇದೇ.

ಗ್ರೀನ್ ಬೇ ಊರಿಗೆ ಸಿಗುತ್ತಿರುವ ಪಾಲು ನ್ಯೂಯಾರ್ಕ್ ಹಾಕಿದ ಭಿಕ್ಷೆಯಲ್ಲ. ಗ್ರೀನ್ ಬೇ ಎದುರು ನಿಂತು ಆಡಿದ್ದರಿಂದಲೇ ನ್ಯೂಯಾರ್ಕಿನ ಪಂದ್ಯ ಮಾರಾಟವಾಯಿತು. ಅದು ಆ ದುಡಿಮೆಗೆ ಸಂದ ಕೂಲಿ. ಭಾರತೀಯ ಫುಟ್‌ಬಾಲ್‌ನ ಮುಂದಿನ ಒಪ್ಪಂದ ಬರೆಯುವವರು ಈ ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳಿತು. ಯಾರಿಗೆ ಶೇಕಡಾ ಎಷ್ಟು ಎಂಬ ಜಗಳಕ್ಕಿಂತ ಮೊದಲು, ಹಕ್ಕು ಯಾರ ಹೆಸರಿನಲ್ಲಿದೆ, ಬಂದ ಪಾಲಿನಲ್ಲಿ ಆಟಗಾರನ ಸಂಬಳಕ್ಕೆ ಎಷ್ಟು ಮೀಸಲು, ಜಿಲ್ಲೆಗಳ ಮೈದಾನಕ್ಕೆ ಎಷ್ಟು ಎಂಬುದು ತೀರ್ಮಾನವಾಗಬೇಕು. 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಹಿರಿಯರ ಸಂಬಳ ನಿಲ್ಲಿಸಿಯೂ ಮಕ್ಕಳ ತರಬೇತಿಯನ್ನು ನಿಲ್ಲಿಸಲಿಲ್ಲ. ಆ ಮಕ್ಕಳು ದೊಡ್ಡವರಾದಾಗ ಆಡಲು ಅವರಿಗೊಂದು ಲೀಗ್ ಬೇಕು, ಎದುರು ನಿಂತು ಆಡಲು ಬದುಕಿರುವ ಇನ್ನೊಂದು ತಂಡವೂ ಬೇಕು.